ಹಳೇ ಬೇಸ್‌ಬಾಲ್ ಕಾರ್ಡ್ ಕೊಳ್ಳುವ ಮುಂಚೆ ಒಂದು ಒರೆಗಲ್ಲು ಇಟ್ಟುಕೊಳ್ಳಿ

ಆನ್‌ಲೈನಲ್ಲಿ ಹಳೇ ಬೇಸ್‌ಬಾಲ್ ಕಾರ್ಡ್, ಅಂದರೆ ಆಟಗಾರರ ಚಿತ್ರ ಅಚ್ಚಾದ ಸಣ್ಣ ರಟ್ಟು, ಕೊಳ್ಳಬೇಕು ಅಂತ ಇದ್ದೀರಾ? ಮಿಕ್ಕಿ ಮ್ಯಾಂಟಲ್, ಜಾಕಿ ರಾಬಿನ್‌ಸನ್ ಥರದ ದೊಡ್ಡ ಆಟಗಾರರೆಲ್ಲ ಆಮೇಲೆ. ಮೊದಲು ಯಾರೂ ಹೆಸರು ಕೇಳದ ಒಬ್ಬ ಆಟಗಾರನ ಕಾರ್ಡ್ ತರಿಸಿಕೊಳ್ಳಿ. ಅದೇ ವರ್ಷದ್ದು, ಅದೇ ಕಂಪನಿಯದ್ದು ಆಗಿರಬೇಕು, ಅಷ್ಟೆ. ಮೂಲೆ ಸವೆದಿರಲಿ, ಮಧ್ಯೆ ಮಡಿಕೆ ಬಿದ್ದಿರಲಿ, ಪರವಾಗಿಲ್ಲ. ಕೂಡಿಸುವವರು ಇಂಥ ಕಾರ್ಡಿಗೆ ಕಾಮನ್ ಅನ್ನುತ್ತಾರೆ. ಟಾಪ್ಸ್ ಅನ್ನುವ ಕಾರ್ಡ್ ಕಂಪನಿಯ 1950ರ ದಶಕದ ಕಾಮನ್‌ಗಳು ಸವೆದ ಸ್ಥಿತಿಯಲ್ಲಿ ಐದಾರು ಡಾಲರಿಗೆ ಸಿಗುತ್ತವೆ. ಅಷ್ಟು ಅಗ್ಗದ ಕಾರ್ಡನ್ನು ನಕಲು ಮಾಡಿದರೆ ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಅದು ಅಸಲಿ ಆಗಿರುವ ಸಾಧ್ಯತೆಯೇ ಜಾಸ್ತಿ. ಅಕ್ಕಸಾಲಿಗರ ಹತ್ತಿರ ಒರೆಗಲ್ಲು ಇರುತ್ತದಲ್ಲ, ನಿಮಗೆ ಈ ಕಾಮನ್ ಹಾಗೆ. ಮುಂದೆ ಯಾವ ಕಾರ್ಡ್ ಬಂದರೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ನನ್ನ ಹತ್ತಿರ ಅದು ಇರಲಿಲ್ಲ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಜಾಕಿ ರಾಬಿನ್‌ಸನ್ ಬಗ್ಗೆ ಓದಿಕೊಂಡು ಬಂದಳು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಲಿಳಿದು, ದಶಕಗಳ ಕಾಲ ಕಪ್ಪು ಜನರಿಗೆ ಮುಚ್ಚಿದ್ದ ಮೇಜರ್ ಲೀಗಿನ ಬಾಗಿಲನ್ನು ತೆರೆಸಿದ ಮನುಷ್ಯ ಅವರು. ಅವರ ಅಂಗಿಯ ನಂಬರ್ 42 ಇನ್ನು ಯಾವ ತಂಡದಲ್ಲೂ ಹೊಸಬರಿಗೆ ಕೊಡುವುದಿಲ್ಲ ಅಂತ 1997ರಲ್ಲಿ ಲೀಗ್ ತೀರ್ಮಾನ ಮಾಡಿತು. ಇದನ್ನೆಲ್ಲ ಊಟಕ್ಕೆ ಕೂತಾಗ ಮಗಳು ನನಗೇ ಪಾಠ ಮಾಡಿದಳು. ಹುಟ್ಟುಹಬ್ಬಕ್ಕೆ ಅವರ ಅಸಲಿ ಕಾರ್ಡ್ ಒಂದನ್ನು ಕೊಡೋಣ ಅನ್ನಿಸಿತು. ಹುಡುಕಿದಾಗ ಸಿಕ್ಕಿದ್ದು 1956ರ ಟಾಪ್ಸ್, ನಂಬರ್ 30. ಅವರು ಆಡುತ್ತಿದ್ದ ಕಾಲದ ಕೊನೆಯ ಟಾಪ್ಸ್ ಕಾರ್ಡ್ ಅದು.

ಮಾರುವವರು ತಾತನ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂದರು. 140 ಡಾಲರ್ ಹೇಳಿದರು. ನೇರವಾಗಿ ಸ್ನೇಹಿತರಿಗೆ ಕಳಿಸುವ ಹಾಗೆ ದುಡ್ಡು ಕಳಿಸಿದರೆ ಕಮಿಷನ್ ಉಳಿಯುತ್ತದೆ, ಹತ್ತು ಡಾಲರ್ ಬಿಡುತ್ತೇನೆ ಅಂದರು. ಕಳಿಸಿದೆ. ಕಾರ್ಡ್ ಬಂತು, ನೋಡಲು ಚೆನ್ನಾಗಿಯೇ ಇತ್ತು, ಮೂಲೆಗಳು ಸವೆದಿದ್ದವು, ಹಳೇ ಕಾಗದದ ಬಣ್ಣವೂ ಇತ್ತು.

ಆಫೀಸಿನಲ್ಲಿ ನನ್ನ ಜೊತೆ ಒಬ್ಬ ಹಿರಿಯರಿದ್ದರು, ಚಿಕ್ಕಂದಿನಿಂದ ಕಾರ್ಡ್ ಕೂಡಿಸಿದವರು. ಅವರಿಗೆ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ಮರುದಿನ ಒಂದು ಲೂಪ್ ಮತ್ತು 1956ರ ಒಂದು ಕಾಮನ್ ತಂದು ನನ್ನ ಮೇಜಿನ ಮೇಲಿಟ್ಟರು. ಲೂಪ್ ಅಂದರೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಥರದ ಸಣ್ಣ ಭೂತಗನ್ನಡಿ. 1956ರ ಕಾರ್ಡುಗಳ ಮೇಲೆ ಆಟಗಾರನ ಸಹಿಯನ್ನೂ ಕಪ್ಪಿನಲ್ಲಿ ಅಚ್ಚು ಹಾಕಿರುತ್ತಾರೆ. ಮೊದಲು ಅವರ ಕಾಮನ್ ಮೇಲಿನ ಸಹಿ ನೋಡಿದೆ. ಗೆರೆ ತುಂಬಿಕೊಂಡಿತ್ತು, ಶಾಯಿ ಒಂದೇ ಸಮನೆ ಹರಿದ ಹಾಗೆ, ಅಂಚು ಚೂಪಾಗಿ. ಆಮೇಲೆ ನನ್ನ ಕಾರ್ಡಿನ ಸಹಿ ನೋಡಿದೆ. ಅಲ್ಲಿ ಗೆರೆಯೇ ಇರಲಿಲ್ಲ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ರಂಗೋಲಿ ಪುಡಿ ಚೆಲ್ಲಿದ ಹಾಗೆ ಗುಂಪುಗೂಡಿ ದೂರದಿಂದ ಗೆರೆಯ ಹಾಗೆ ಕಾಣುತ್ತಿದ್ದವು. ಯಾರೋ ಅಸಲಿ ಕಾರ್ಡನ್ನು ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದಿದ್ದರು.

ದುಡ್ಡು ವಾಪಸ್ ಬರಲಿಲ್ಲ. ಆವತ್ತಿನಿಂದ ನಾನು ಕಲಿತದ್ದನ್ನು ಕೊಳ್ಳುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮವರು ತುಂಬ ಜನ ಮಕ್ಕಳ ನೆಪದಲ್ಲಿ ಈ ಹವ್ಯಾಸಕ್ಕೆ ಬರುತ್ತಾರೆ. ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರ, ಬೆಂಕಿಪೊಟ್ಟಣದ ಮುಖಚಿತ್ರ ಎಲ್ಲ ಕೂಡಿಸಿದವರೇ ಅಲ್ವಾ. ಆ ಪ್ರೀತಿ ಇದ್ದೇ ಇರುತ್ತದೆ. ಆದರೆ ಇಲ್ಲಿ ದುಡ್ಡಿನ ಲೆಕ್ಕ ಬೇರೆ. 1952ರ ಟಾಪ್ಸ್ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಇಷ್ಟು ದುಡ್ಡು ಇರುವ ಕಡೆ ನಕಲಿ ಮಾಡುವವರು ಇರುತ್ತಾರೆ.

ಹೆಜ್ಜೆ 1: ಕೊಳ್ಳುವ ಕಾರ್ಡಿನ ಜಾತಕ ತಿಳಿದುಕೊಳ್ಳಿ

ನಿಮಗೆ ಬೇಕಾದ ಕಾರ್ಡ್ ಯಾವ ವರ್ಷದ್ದು, ಯಾವ ನಂಬರ್, ಎಷ್ಟು ಅಳತೆ, ಹಿಂಬದಿ ಹೇಗಿರುತ್ತದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟೋ ನಕಲಿಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಅಳತೆಯನ್ನೇ ತೆಗೆದುಕೊಳ್ಳಿ. ಇವತ್ತು ನಾವು ನೋಡುವ ಕಾರ್ಡುಗಳು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಟಾಪ್ಸ್ ಈ ಅಳತೆಗೆ ಬಂದದ್ದು 1957ರಲ್ಲಿ. 1952ರಿಂದ 1956ರವರೆಗಿನ ಟಾಪ್ಸ್ ಕಾರ್ಡುಗಳು ಇದಕ್ಕಿಂತ ದೊಡ್ಡವು, ಸುಮಾರು 67 ಮಿ.ಮೀ. ಮತ್ತು 95 ಮಿ.ಮೀ. ಮ್ಯಾಂಟಲ್ ಮತ್ತು ವಿಲ್ಲಿ ಮೇಸ್ ಇಬ್ಬರ ಮೊದಲ ಕಾರ್ಡುಗಳಿರುವ ಬೋಮನ್ ಕಂಪನಿಯ 1951ರ ಸೆಟ್ಟಿನ ಕಾರ್ಡು ಚಿಕ್ಕದು, 52 ಮಿ.ಮೀ. ಮತ್ತು 79 ಮಿ.ಮೀ. ಹತ್ತಿರ. ಬೇಬ್ ರೂತ್ ಇರುವ, ಗೌಡಿ ಕಂಪನಿಯ 1933ರ ಕಾರ್ಡು ಹೆಚ್ಚುಕಡಿಮೆ ಚೌಕ, 60 ಮಿ.ಮೀ. ಮತ್ತು 73 ಮಿ.ಮೀ. ಸಿಗರೇಟ್ ಪ್ಯಾಕಿನಲ್ಲಿ ಬರುತ್ತಿದ್ದ 1909ರಿಂದ 1911ರ ಟಿ206 ಅನ್ನುವ ಸೆಟ್ಟಿನ ಕಾರ್ಡುಗಳಂತೂ ಎರಡು ಬೆರಳಿನಷ್ಟು ಅಗಲ, 37 ಮಿ.ಮೀ. ಮತ್ತು 67 ಮಿ.ಮೀ. ಸುಮಾರು. ಆ ಕಾಲದಲ್ಲಿ ಕತ್ತರಿಸುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತಿತ್ತು, ಅದು ಸಹಜ. ಆದರೆ 1952ರ ಮ್ಯಾಂಟಲ್ ಅಂತ ಹೇಳಿ ಇವತ್ತಿನ ಕಾರ್ಡಿನ ಅಳತೆಯದ್ದನ್ನು ತೋರಿಸಿದರೆ ಅಲ್ಲಿಗೆ ಬಿಟ್ಟುಬಿಡಿ.

ಅದು ಎಲ್ಲಿಂದ ಬಂದಿರುತ್ತದೆ ಅಂತಲೂ ಹೇಳುತ್ತೇನೆ. 1983ರಲ್ಲಿ ಟಾಪ್ಸ್ ತಾನೇ 1952ರ ಕಾರ್ಡುಗಳನ್ನು ಮರುಮುದ್ರಣ ಮಾಡಿ ಮಾರಿತು. ಅಳತೆ ಚಿಕ್ಕದು, ಹಿಂದೆ ರೀಪ್ರಿಂಟ್ ಅಂತ ಬರೆದಿದೆ. 1989ರ ಬೋಮನ್ ಪ್ಯಾಕುಗಳಲ್ಲೂ ಹಳೇ ಮ್ಯಾಂಟಲ್, ಮೇಸ್ ಕಾರ್ಡುಗಳ ಮರುಮುದ್ರಣ ಬಂತು. ಡೋವರ್ ಎಂಬ ಪ್ರಕಾಶಕರು ಹರಿದು ತೆಗೆಯುವ ಹಾಳೆಗಳಲ್ಲಿ ಹಳೇ ಕಾರ್ಡುಗಳ ಪುಸ್ತಕಗಳನ್ನೇ ತಂದರು. ಇವು ಯಾವುವೂ ಮೋಸ ಅಲ್ಲ. ಮೋಸ ಆಗುವುದು ಯಾವಾಗ ಅಂದರೆ, ಯಾರೋ ಆ ರೀಪ್ರಿಂಟ್ ಅನ್ನುವ ಪದವನ್ನು ಕೆರೆದು ತೆಗೆದು, ಕಾರ್ಡನ್ನು ಚಹಾದಲ್ಲಿ ಅದ್ದಿ, ಮೂಲೆಗಳನ್ನು ಉಜ್ಜಿ ಹಳೇದು ಮಾಡಿದಾಗ. ಹಾಗಾಗಿ ಹಿಂಬದಿಯಲ್ಲಿ ಒಂದೇ ಜಾಗದಲ್ಲಿ ಕಾಗದ ಎದ್ದಿದ್ದರೆ, ಅದೇ ಜಾಗದಲ್ಲಿ ಏನು ಬರೆದಿರಬೇಕಿತ್ತು ಅಂತ ಅಸಲಿ ಕಾರ್ಡಿನ ಚಿತ್ರ ತೆಗೆದು ನೋಡಿ.

ಹಿಂಬದಿಯೇ ಕೆಲವು ಸಲ ಪೂರ್ತಿ ಕಥೆ ಹೇಳುತ್ತದೆ. ಟಿ206 ಕಾರ್ಡುಗಳ ಹಿಂದೆ ಸಿಗರೇಟಿನ ಜಾಹೀರಾತು ಇರುತ್ತದೆ, ಅದರಲ್ಲಿ ಹತ್ತಾರು ಬ್ರಾಂಡುಗಳಿವೆ. ಆದರೆ ಈ ಹವ್ಯಾಸದಲ್ಲಿ ಎಲ್ಲರಿಗಿಂತ ಹೆಸರಾದ ಹೋನಸ್ ವ್ಯಾಗ್ನರ್ ಕಾರ್ಡ್ ಪೀಡ್ಮಂಟ್ ಮತ್ತು ಸ್ವೀಟ್ ಕ್ಯಾಪೊರಲ್ ಈ ಎರಡು ಹಿಂಬದಿಗಳಲ್ಲಿ ಮಾತ್ರ ಸಿಕ್ಕಿದೆ. ಬೇರೆ ಬ್ರಾಂಡ್ ಹಿಂದೆ ಇರುವ ವ್ಯಾಗ್ನರ್ ಯಾರಾದರೂ ತೋರಿಸಿದರೆ ಮುಂದಿನ ಪರೀಕ್ಷೆ ಬೇಕಾಗಿಲ್ಲ.

ಹೆಜ್ಜೆ 2: ಬೆಲೆ ನೋಡಿ, ಆಸೆಗೆ ಕಡಿವಾಣ ಹಾಕಿ

ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಿಹೋದ ಬೆಲೆ ನೋಡಿ. ಇಬೇ ಅನ್ನುವ ಮಾರಾಟದ ತಾಣದಲ್ಲಿ ಸೋಲ್ಡ್ ಐಟಮ್ಸ್ ಅಂತ ಒಂದು ಫಿಲ್ಟರ್ ಇದೆ, ಅದನ್ನು ಒತ್ತಿದರೆ ಇತ್ತೀಚೆಗೆ ಅದೇ ಕಾರ್ಡ್ ಎಷ್ಟಕ್ಕೆ ಹೋಯಿತು ಅಂತ ತಿಳಿಯುತ್ತದೆ. ಸ್ಥಿತಿ ಹೋಲಿಸಿಕೊಳ್ಳಿ. ಹರಿದು ಮುದುರಿದ 1952ರ ಮ್ಯಾಂಟಲ್ ಕೂಡ ಅಸಲಿ ಆದರೆ ಹತ್ತು ಸಾವಿರ ಡಾಲರಿಗಿಂತ ಬಹಳ ಮೇಲೆ ಹೋಗುತ್ತದೆ. ಅದು 400 ಡಾಲರಿಗೆ ಸಿಗುತ್ತಿದೆ ಅಂದರೆ ಅದು ಅದೃಷ್ಟ ಅಲ್ಲ.

ಹೆಜ್ಜೆ 3: ಮಾರುವವರನ್ನು ಓದಿ

ಕಾರ್ಡಿಗಿಂತ ಮೊದಲು ಮಾರುವವರನ್ನು ನೋಡುವುದು ನನಗೆ ಈಗ ಅಭ್ಯಾಸ ಆಗಿದೆ. ಅವರ ಬೇರೆ ಮಾಲುಗಳ ಪಟ್ಟಿ ತೆಗೆಯಿರಿ. ನಿಜವಾಗಿ ಹಳೇ ಕಾರ್ಡ್ ಮಾರುವವರ ಹತ್ತಿರ ಕಾಮನ್‌ಗಳು ರಾಶಿ ಇರುತ್ತವೆ, ಯಾಕೆಂದರೆ ಆ ಕಾಲದಲ್ಲಿ ಮಕ್ಕಳು ಕೂಡಿಸಿದ್ದೇ ಹಾಗೆ, ಪ್ಯಾಕ್ ಒಡೆದರೆ ಹತ್ತರಲ್ಲಿ ಒಂಬತ್ತು ಸಾಧಾರಣ ಆಟಗಾರರೇ. ಪಟ್ಟಿಯಲ್ಲಿ ರೂತ್, ಗೆಹ್ರಿಗ್, ಟೈ ಕಾಬ್, ವ್ಯಾಗ್ನರ್, ಮ್ಯಾಂಟಲ್ ಇಂಥ ದೊಡ್ಡ ಆಟಗಾರರೇ ಇದ್ದು ಒಂದೇ ಒಂದು ಕಾಮನ್ ಇಲ್ಲ ಅಂದರೆ ಅದು ಪೆಟ್ಟಿಗೆಯಿಂದ ಬಂದದ್ದಲ್ಲ, ಪ್ರಿಂಟರಿನಿಂದ ಬಂದದ್ದು. ಅದೇ ಕಾರ್ಡನ್ನು ಹೋದ ತಿಂಗಳೂ ಮಾರಿದ್ದಾರಾ, ಅದಕ್ಕೆ ಹಿಂದಿನ ತಿಂಗಳೂ ಮಾರಿದ್ದಾರಾ, ಹಳೇ ಫೀಡ್‌ಬ್ಯಾಕಿನಲ್ಲಿ ಹುಡುಕಿ.

ಆಮೇಲೆ ಮಾತಿನ ಧಾಟಿ. "ನನಗೆ ಕಾರ್ಡ್ ಬಗ್ಗೆ ಏನೂ ಗೊತ್ತಿಲ್ಲ", "ಅಸಲಿಯೋ ಅಲ್ಲವೋ ನೀವೇ ನೋಡಿ ತೀರ್ಮಾನ ಮಾಡಿ", "ಚಿತ್ರದಲ್ಲಿ ಇರುವ ಹಾಗೆ ಕೊಡುತ್ತೇನೆ, ವಾಪಸ್ ಇಲ್ಲ", "ತಾತ ತೀರಿಕೊಂಡರು, ಅಟ್ಟ ಖಾಲಿ ಮಾಡುವಾಗ ಸಿಕ್ಕಿತು". ಇದರಲ್ಲಿ ಒಂದೊಂದು ಮಾತೂ ನಿಜ ಇರಬಹುದು, ತಾತಂದಿರ ಪೆಟ್ಟಿಗೆಯಲ್ಲಿ ನಿಜವಾಗಿಯೂ ಕಾರ್ಡ್ ಸಿಕ್ಕಿವೆ. ಆದರೆ ಎಲ್ಲ ಮಾತುಗಳೂ ಒಂದೇ ವಿವರಣೆಯಲ್ಲಿ ಸಾಲಾಗಿ ಬಂದರೆ, ಮುಂದೆ ನೀವು ಜಗಳಕ್ಕೆ ಹೋದಾಗ ತಪ್ಪಿಸಿಕೊಳ್ಳಲು ಅವರು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾರೆ ಅಂತ ಅರ್ಥ. ತಲೆಬರಹದ ಕೊನೆಯಲ್ಲಿ ಸುಮ್ನೆ ಆರ್‌ಪಿ ಅಂತ ಎರಡು ಅಕ್ಷರ ಸೇರಿಸಿದ್ದರೆ ಅದು ರೀಪ್ರಿಂಟ್ ಅನ್ನುವುದರ ಗುಟ್ಟಿನ ರೂಪ. ಅದನ್ನೂ ಹುಡುಕಿ.

ಕಾನೂನು ಇದನ್ನು ನೋಡಿಕೊಳ್ಳುತ್ತದೆ ಅಂತಲೂ ಸುಮ್ಮನಿರಬೇಡಿ. ಅಮೆರಿಕದಲ್ಲಿ 1973ರ ಹಾಬಿ ಪ್ರೊಟೆಕ್ಷನ್ ಕಾಯ್ದೆ ಇದೆ, ನಕಲು ನಾಣ್ಯದ ಮೇಲೆ ಕಾಪಿ ಅಂತ ಅಚ್ಚು ಹಾಕಲೇಬೇಕು ಅನ್ನುತ್ತದೆ. ಆದರೆ ಆ ಕಾಯ್ದೆ ಇರುವುದು ನಾಣ್ಯ, ನೋಟು ಮತ್ತು ಹಳೇ ಚುನಾವಣಾ ಬ್ಯಾಡ್ಜಿನಂಥ ವಸ್ತುಗಳಿಗೆ. ಬೇಸ್‌ಬಾಲ್ ಕಾರ್ಡ್ ಅದರಲ್ಲಿ ಬರುವುದಿಲ್ಲ.

ಹೆಜ್ಜೆ 4: ಫೋಟೊ ಕೇಳಿ, ಸಂಕೋಚ ಬೇಡ

ನಮ್ಮಲ್ಲಿ ಒಂದು ದಾಕ್ಷಿಣ್ಯ ಇದೆ, ಜಾಸ್ತಿ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ. ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ತೆಗೆಸಿ ಜರಿ ಉಜ್ಜಿ ನೋಡುವ ನಾವು ಇಲ್ಲಿ ಎರಡು ಮಸುಕು ಫೋಟೊ ನೋಡಿ ದುಡ್ಡು ಕಳಿಸುತ್ತೇವೆ. ಕೇಳಿ. ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು ಮುಂದೆ, ಹಿಂದೆ ಫೋಟೊ. ನಾಲ್ಕು ಮೂಲೆಗಳದ್ದೂ ಹತ್ತಿರದಿಂದ. ದೀಪಕ್ಕೆ ಓರೆಯಾಗಿ ಹಿಡಿದು ಒಂದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು. ಒಂದು ಚೀಟಿಯಲ್ಲಿ ಆವತ್ತಿನ ತಾರೀಖು ಬರೆದು ಕಾರ್ಡಿನ ಜೊತೆ ಇಟ್ಟು ಒಂದು. ಈ ಕೊನೆಯದು ಮುಖ್ಯ, ಕಾರ್ಡ್ ಅವರ ಕೈಯಲ್ಲೇ ಇದೆಯಾ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಬೇರೆಯವರ ಹಳೇ ಲಿಸ್ಟಿಂಗಿನಿಂದ ಫೋಟೊ ಕದ್ದು ಹಾಕುವುದು ಸಾಮಾನ್ಯ. ಗೂಗಲ್ ಲೆನ್ಸಿಗೆ ಫೋಟೊ ಕೊಟ್ಟರೆ ಅದೇ ಚಿತ್ರ ಬೇರೆ ಎಲ್ಲಾದರೂ ಇದ್ದರೆ ಸಿಗಬಹುದು.

ಓರೆ ಬೆಳಕಿನ ಫೋಟೊ ಯಾಕೆ ಅಂದರೆ, ಅಸಲಿ ಮಡಿಕೆ ಬಿದ್ದ ಕಡೆ ಕಾಗದ ಒಡೆದು ನೆರಳು ಬೀಳುತ್ತದೆ. ಸ್ಕ್ಯಾನ್ ಮಾಡಿದ ನಕಲಿಯಲ್ಲಿ ಮೂಲ ಕಾರ್ಡಿನ ಮಡಿಕೆ ಬರೀ ಚಿತ್ರವಾಗಿ ಅಚ್ಚಾಗಿರುತ್ತದೆ, ಕಣ್ಣಿಗೆ ಮಡಿಕೆ ಕಾಣುತ್ತದೆ, ಬೆರಳಿಗೆ ನುಣುಪು. ಒಂದು ಕಾರ್ಡಿನಲ್ಲಿ ಇದನ್ನು ನೋಡಿದರೆ ಮತ್ತೆ ಮರೆಯುವುದಿಲ್ಲ.

ಸವೆತದ ರೀತಿಯನ್ನೂ ನೋಡಿ. ಸೈಕಲ್ ಚಕ್ರಕ್ಕೆ ಸಿಕ್ಕಿಸಿಯೋ, ರಬ್ಬರ್ ಬ್ಯಾಂಡ್ ಹಾಕಿ ಡಬ್ಬದಲ್ಲಿಟ್ಟೋ ಮಕ್ಕಳು ಆಡಿದ ಕಾರ್ಡ್ ಒಂದೇ ಥರ ಸವೆಯುವುದಿಲ್ಲ. ಒಂದು ಮೂಲೆ ಪೂರ್ತಿ ದುಂಡಗಾಗಿರುತ್ತದೆ, ಇನ್ನೊಂದು ಪರವಾಗಿಲ್ಲ ಅನ್ನುವ ಹಾಗಿರುತ್ತದೆ. ಬೇಕಂತಲೇ ಹಳೇದು ಮಾಡಿದ ಕಾರ್ಡಿನಲ್ಲಿ ನಾಲ್ಕೂ ಮೂಲೆ ಅಳೆದ ಹಾಗೆ ಒಂದೇ ಸಮ ದುಂಡಗೆ, ಹಳದಿ ಬಣ್ಣವೂ ಎಲ್ಲ ಕಡೆ ಒಂದೇ ಸಮ.

ಹೆಜ್ಜೆ 5: ಸ್ಲ್ಯಾಬ್ ಇದೆ ಅಂತ ಕಣ್ಣು ಮುಚ್ಚಬೇಡಿ

ದುಬಾರಿ ಕಾರ್ಡ್ ಆದರೆ ಗ್ರೇಡ್ ಆಗಿರುವುದನ್ನೇ ಕೊಳ್ಳಿ ಅನ್ನುವುದು ನನ್ನ ಸಲಹೆ. ಗ್ರೇಡಿಂಗ್ ಕಂಪನಿಗಳು ಕಾರ್ಡನ್ನು ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತವೆ. ಆ ಡಬ್ಬಿಗೇ ಸ್ಲ್ಯಾಬ್ ಅನ್ನುವುದು. ಹಳೇ ಕಾರ್ಡುಗಳಿಗೆ ಪಿಎಸ್‌ಎ, ಎಸ್‌ಜಿಸಿ, ಬೆಕೆಟ್ ಈ ಮೂರು ಹೆಸರು ಜಾಸ್ತಿ ನಡೆಯುತ್ತವೆ. ಯಾರೂ ಕೇಳದ ಕಂಪನಿಯ ಸ್ಲ್ಯಾಬಿನಲ್ಲಿ 10 ಅಂತ ಬರೆದಿದ್ದರೆ ಅದು ರಾ ಕಾರ್ಡ್, ಅಂದರೆ ಗ್ರೇಡೇ ಆಗದ ಕಾರ್ಡ್, ಅಂತಲೇ ತಿಳಿಯಿರಿ. ಮಾರುವವರೇ ಅಚ್ಚು ಹಾಕಿಸಿ ಕೊಡುವ ಸರ್ಟಿಫಿಕೇಟಿಗೂ ಕಾಗದದ ಬೆಲೆ ಅಷ್ಟೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಈಗ ಸ್ಲ್ಯಾಬನ್ನೇ ನಕಲು ಮಾಡುತ್ತಾರೆ. ಅದು ಹೀಗೆ ನಡೆಯುತ್ತದೆ: ಯಾವುದೋ ಅಸಲಿ ಗ್ರೇಡೆಡ್ ಕಾರ್ಡಿನ ಫೋಟೊದಿಂದ ಸರ್ಟಿಫಿಕೇಟ್ ನಂಬರ್ ತೆಗೆದುಕೊಂಡು, ಅದೇ ನಂಬರಿನ ಲೇಬಲ್ ಮುದ್ರಿಸಿ, ನಕಲಿ ಕಾರ್ಡಿನ ಜೊತೆ ನಕಲಿ ಡಬ್ಬಿಯಲ್ಲಿ ಹಾಕಿ ಮುಚ್ಚುತ್ತಾರೆ. ನೀವು ಕಂಪನಿಯ ವೆಬ್‌ಸೈಟಿನಲ್ಲಿ ನಂಬರ್ ಹೊಡೆದರೆ ಸರಿಯಾದ ಕಾರ್ಡೇ ಬರುತ್ತದೆ! ನಂಬರ್ ಇದೆ ಅಂತ ತಿಳಿದರೆ ಸಾಲದು, ಆ ನಂಬರಿನ ಕಾರ್ಡ್ ಇದೇನಾ ಅಂತ ತಿಳಿಯಬೇಕು. ಇತ್ತೀಚಿನ ನಂಬರುಗಳಿಗೆ ಪಿಎಸ್‌ಎ ಮತ್ತು ಎಸ್‌ಜಿಸಿ ಕಾರ್ಡಿನ ಚಿತ್ರವನ್ನೂ ತೋರಿಸುವುದುಂಟು. ಅದನ್ನೂ ಮಾರುವವರ ಫೋಟೊವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಎಡಗಡೆ ಬಿಳಿ ಅಂಚು ಎಷ್ಟು ಅಗಲ, ಬಲಗಡೆ ಎಷ್ಟು, ಎಲ್ಲಿ ಸಣ್ಣ ಕಲೆ, ಯಾವ ಮೂಲೆ ಸವೆದಿದೆ. ಹಳೇ ಕಾರ್ಡುಗಳ ಅನುಕೂಲ ಇದು, ಎರಡು ಕಾರ್ಡ್ ಒಂದೇ ಥರ ಹಳೇದಾಗುವುದಿಲ್ಲ. ಚಿತ್ರ ಇಲ್ಲದ ಹಳೇ ನಂಬರ್ ಆದರೆ ಹಿಂದೆ ಹರಾಜಾದಾಗಿನ ಫೋಟೊ ಸಿಗುತ್ತದಾ ಹುಡುಕಿ. ಡಬ್ಬಿಯ ಅಂಚಿನಲ್ಲಿ ಅಂಟಿನ ಗುರುತು, ಮಂಜು ಕವಿದ ಹಾಗೆ ಇರುವ ಬಿಳುಪು, ಲೇಬಲ್ ಅಕ್ಷರದ ದಪ್ಪದಲ್ಲಿ ವ್ಯತ್ಯಾಸ ಇದ್ದರೆ ಕೊಳ್ಳಬೇಡಿ.

ಗ್ರೇಡ್ ಅನ್ನುವುದೂ ಮನುಷ್ಯರ ಅಭಿಪ್ರಾಯವೇ. ಪಿಎಸ್‌ಎ ಶುರುವಾದ 1991ರಲ್ಲಿ ಮೊದಲು ಗ್ರೇಡ್ ಮಾಡಿದ್ದೇ ಒಂದು ಟಿ206 ವ್ಯಾಗ್ನರ್ ಕಾರ್ಡನ್ನು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವರ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಅದನ್ನು 4,51,000 ಡಾಲರಿಗೆ ಕೊಂಡಿದ್ದರು. ಅದಕ್ಕೆ 8 ಅಂಕ ಬಂತು. ಅದನ್ನು ಮೊದಲು ಮಾರಿದ್ದ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಕೋರ್ಟಿನ ಮುಂದೆ ಒಪ್ಪಿಕೊಂಡರು, ಅಂಚು ಚೂಪಾಗಿ ಕಾಣಲಿ ಅಂತ ಆ ಕಾರ್ಡನ್ನು ತಾವು ಕತ್ತರಿಸಿದ್ದು ನಿಜ ಅಂತ. ಕಾರ್ಡ್ ಅಸಲಿಯೇ, ಆದರೆ ಅದರ ಮೈಯನ್ನು ತಿದ್ದಲಾಗಿತ್ತು. ಹಾಗಾಗಿ ಅಂಚು ಕತ್ತರಿಸಿದ್ದು, ಬಣ್ಣ ತುಂಬಿದ್ದು, ಮಡಿಕೆ ಒತ್ತಿ ಮುಚ್ಚಿದ್ದು ಇವೂ ಇವೆ ಅಂತ ತಿಳಿದಿರಲಿ. ನೂರು ವರ್ಷದ ಕಾರ್ಡಿಗೆ ರೇಜರಿನಲ್ಲಿ ಕೊಯ್ದ ಹಾಗೆ ಅಂಚು ಇದ್ದು, ಅಳತೆ ಒಂದು ಮಿ.ಮೀ. ಕಡಿಮೆ ಬಂದರೆ ಯೋಚಿಸಬೇಕು.

ಹೆಜ್ಜೆ 6: ದುಡ್ಡು ಕೊಡುವ ದಾರಿ

ಇದು ಚಿಕ್ಕ ಹೆಜ್ಜೆ, ಆದರೆ ನಾನು ಬಿದ್ದದ್ದು ಇಲ್ಲೇ. ಪೇಪಾಲ್‌ನಲ್ಲಿ ಎರಡು ದಾರಿ ಇದೆ. ಒಂದು ಮಾಲಿಗೆ ದುಡ್ಡು ಕೊಡುವುದು, ಇನ್ನೊಂದು ಮನೆಯವರಿಗೆ, ಸ್ನೇಹಿತರಿಗೆ ಕಳಿಸುವುದು. ಎರಡನೆಯದರಲ್ಲಿ ಕೊಂಡವರಿಗೆ ರಕ್ಷಣೆ ಇಲ್ಲ. ಝೆಲ್‌ನಲ್ಲಿ ಕಳಿಸಿದ್ದೂ ಹಾಗೇ, ಕೈ ಬಿಟ್ಟು ಹೋದ ದುಡ್ಡು. ಗುರುತಿಲ್ಲದವರು ಹತ್ತು ಡಾಲರ್ ಬಿಡುತ್ತೇನೆ, ಹೀಗೆ ಕಳಿಸಿ ಅಂದರೆ ಒಪ್ಪಬೇಡಿ. ಮಾಲಿನ ದಾರಿಯಲ್ಲೇ ಕೊಡಿ, ಆದಷ್ಟು ಕ್ರೆಡಿಟ್ ಕಾರ್ಡ್ ಬಳಸಿ, ಮಾತುಕತೆ ಎಲ್ಲ ಆ ತಾಣದ ಒಳಗೇ ನಡೆಸಿ. ಇಬೇಯಲ್ಲಿ ಒಂದು ಬೆಲೆಗಿಂತ ಮೇಲಿನ ಕಾರ್ಡುಗಳಿಗೆ 2022ರಿಂದ ಅಥೆಂಟಿಸಿಟಿ ಗ್ಯಾರಂಟಿ ಇದೆ, ಕಾರ್ಡ್ ಮೊದಲು ಪರೀಕ್ಷೆ ಮಾಡುವವರ ಹತ್ತಿರ ಹೋಗಿ ಆಮೇಲೆ ನಿಮ್ಮ ಮನೆಗೆ ಬರುತ್ತದೆ. ಆ ನೀಲಿ ಗುರುತು ಲಿಸ್ಟಿಂಗಿನಲ್ಲಿ ಇದೆಯಾ ನೋಡಿಕೊಳ್ಳಿ.

ಹೆಜ್ಜೆ 7: ಕಾರ್ಡ್ ಬಂದ ದಿನ

ಪೊಟ್ಟಣ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ವಿಳಾಸದ ಚೀಟಿಯಿಂದ ಶುರುಮಾಡಿ ಕಾರ್ಡ್ ಹೊರಬರುವ ತನಕ ನಿಲ್ಲಿಸಬೇಡಿ. ಪರೀಕ್ಷೆಯನ್ನು ಆವತ್ತೇ ಮಾಡಿ, ಮುಂದಿನ ಶನಿವಾರ ಮಾಡೋಣ ಅಂತ ಇಡಬೇಡಿ. ವಾಪಸ್ ಕೊಡುವ ಗಡುವು ಓಡುತ್ತಿರುತ್ತದೆ.

ಈಗ ಒರೆಗಲ್ಲು ತೆಗೆಯಿರಿ. ನಿಮ್ಮ ಕಾಮನ್ ಎಡಗಡೆ, ಹೊಸ ಕಾರ್ಡ್ ಬಲಗಡೆ. ಕೈ ಒಣಗಿರಲಿ. ಎರಡನ್ನೂ ಅಂಚಿನಲ್ಲಿ ಹಿಡಿದು ಎತ್ತಿ. 1950ರ ದಶಕದ ಟಾಪ್ಸ್ ರಟ್ಟು ದಪ್ಪ, ಒರಟು, ಹೊಳಪು ಕಡಿಮೆ. ನಕಲಿ ಕೆಲವು ತೆಳ್ಳಗೆ, ಕೆಲವು ಫೋಟೊ ಕಾಗದದ ಹಾಗೆ ನುಣ್ಣಗೆ. ಮೂಸಿ ನೋಡಿದರೂ ತಪ್ಪಿಲ್ಲ, ಹಳೇ ಪುಸ್ತಕದ ವಾಸನೆಗೂ ಹೊಸ ಶಾಯಿಯ ವಾಸನೆಗೂ ವ್ಯತ್ಯಾಸ ತಿಳಿಯುತ್ತದೆ. 1956ರ ಟಾಪ್ಸಿನಲ್ಲಿ ಕೆಲವು ಕಾರ್ಡುಗಳ ಹಿಂಬದಿ ಬೂದು, ಕೆಲವದರದ್ದು ಬಿಳಿ. ಹಾಗಾಗಿ ಬಣ್ಣ ಬೇರೆ ಇದೆ ಅಂತ ತಕ್ಷಣ ನಕಲಿ ಅನ್ನಬೇಡಿ, ಆ ಸೆಟ್ಟಿನಲ್ಲಿ ಎಷ್ಟು ಬಗೆ ಇತ್ತು ಅಂತ ಮೊದಲೇ ಓದಿರಬೇಕು.

ಮುಂದೆ ಬೆಳಕು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಕಾರ್ಡಿನ ಹಿಂದೆ ಹಿಡಿಯಿರಿ. ಕಾಮನ್ ಎಷ್ಟು ಬೆಳಕು ಬಿಡುತ್ತದೋ ಹೆಚ್ಚುಕಡಿಮೆ ಅಷ್ಟೇ ಇದೂ ಬಿಡಬೇಕು. ಒಂದು ಮಂದವಾಗಿದ್ದು ಇನ್ನೊಂದು ಲಾಟೀನಿನ ಹಾಗೆ ಹೊಳೆದರೆ ರಟ್ಟು ಬೇರೆ.

ಆಮೇಲೆ ಯುವಿ ಟಾರ್ಚ್, ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ. ಬಟ್ಟೆ ಸೋಪಿನಲ್ಲಿ ಬಿಳುಪು ಹೆಚ್ಚಿಸಲು ಒಂದು ರಾಸಾಯನಿಕ ಹಾಕುತ್ತಾರಲ್ಲ, ಅಂಥದ್ದನ್ನೇ ಕಾಗದಕ್ಕೂ ಹಾಕುವುದು ಶುರುವಾದದ್ದು 1950ರ ಆಸುಪಾಸಿನಲ್ಲಿ. ಯುವಿ ಬೆಳಕಿಗೆ ಅದು ನೀಲಿ ಬಿಳುಪಾಗಿ ಹೊಳೆಯುತ್ತದೆ. ಹಾಗಾಗಿ 1909ರ ಟಿ206, 1933ರ ಗೌಡಿ ಕತ್ತಲಲ್ಲಿ ಮಂಕಾಗಿಯೇ ಇರಬೇಕು, ಹೊಳೆದರೆ ಕಾಗದ ಹೊಸದು. 1950ರ ನಂತರದ ಕಾರ್ಡಿಗೆ ಈ ಪರೀಕ್ಷೆ ಅಷ್ಟು ಖಡಾಖಂಡಿತ ಅಲ್ಲ, ಕಾಮನ್ ಜೊತೆ ಹೋಲಿಸಿ ನೋಡಬೇಕು. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಹಳೇ ಕಾಗದ ಹುಡುಕಿ ಅದರ ಮೇಲೆ ಅಚ್ಚು ಹಾಕುವವರೂ ಇದ್ದಾರೆ.

ಕೊನೆಗೆ ಲೂಪ್. ನನ್ನ ಕೇಳಿದರೆ ಎಲ್ಲಕ್ಕಿಂತ ನಂಬುವಂಥ ಪರೀಕ್ಷೆ ಇದೇ. ಹತ್ತು ಪಟ್ಟು ಹಿಗ್ಗಿಸುವುದು ಸಾಕು, ಮೂವತ್ತು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಚಿತ್ರ ನೋಡಬೇಡಿ, ಅಕ್ಷರ ನೋಡಿ. ಅಸಲಿಯಲ್ಲಿ ಆಟಗಾರನ ಮುಖ, ಆಕಾಶ, ಹುಲ್ಲು ಎಲ್ಲ ಬಣ್ಣದ ಚುಕ್ಕಿಗಳಿಂದಲೇ ಆಗಿರಬಹುದು, ಅದು ಆ ಕಾಲದ ಮುದ್ರಣದ ರೀತಿ. ಆದರೆ ಕಪ್ಪು ಅಕ್ಷರ, ಗೆರೆ, ಸಹಿ ಇವನ್ನು ಬೇರೆ ಪ್ಲೇಟಿನಲ್ಲಿ ಒಂದೇ ಶಾಯಿಯಿಂದ ಗಟ್ಟಿಯಾಗಿ ಅಚ್ಚು ಹಾಕುತ್ತಿದ್ದರು. ಟಿ206ರಲ್ಲಿ ಕೆಳಗಿನ ಹೆಸರು ಕಂದು ಶಾಯಿಯಲ್ಲಿ ಇರುತ್ತದೆ, ಅದೂ ಗಟ್ಟಿಯಾದ ಗೆರೆಯೇ. ಸ್ಕ್ಯಾನ್ ಮಾಡಿದಾಗ ಯಂತ್ರಕ್ಕೆ ಅಕ್ಷರ ಯಾವುದು, ಮುಖ ಯಾವುದು ಅಂತ ಗೊತ್ತಾಗುವುದಿಲ್ಲ, ಎಲ್ಲವನ್ನೂ ಚುಕ್ಕಿ ಮಾಡಿ ಉಗುಳುತ್ತದೆ. ಅಕ್ಷರ ಒಡೆದು ಬಣ್ಣದ ಚುಕ್ಕಿಯಾಗಿದ್ದರೆ ಅದು ನಕಲಿ. ಕಾಮನ್ ಮೇಲೆ ಲೂಪ್ ಇಡಿ, ಇದರ ಮೇಲೆ ಇಡಿ, ಮತ್ತೆ ಕಾಮನ್ ಮೇಲೆ ಇಡಿ. ಐದು ನಿಮಿಷದಲ್ಲಿ ನಿಮ್ಮ ಕಣ್ಣೇ ಹೇಳುತ್ತದೆ.

ಕಾರ್ಡಿನ ಮೂಲೆ ಹರಿದು ನೋಡುವುದು, ನೀರು ಹಾಕಿ ನೋಡುವುದು ಇಂಥ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅಸಲಿ ಆಗಿದ್ದರೆ ಹಾಳು, ನಕಲಿ ಆಗಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 8: ನಕಲಿ ಅಂತ ಗೊತ್ತಾದರೆ

ಜಗಳ ಆಡಬೇಡಿ. ಕಾಮನ್ ಮತ್ತು ಬಂದ ಕಾರ್ಡ್ ಎರಡನ್ನೂ ಲೂಪ್ ಮೂಲಕ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಅಳತೆಯ ಫೋಟೊ ಸೇರಿಸಿ, ಕೊಂಡ ತಾಣದಲ್ಲೇ ದೂರು ದಾಖಲಿಸಿ. ಇಬೇಯಲ್ಲಿ ಸಾಮಾನ್ಯವಾಗಿ ಮಾಲು ತಲುಪಿದ 30 ದಿನದ ಒಳಗೆ ಹೇಳಬೇಕು. ವಿವರಣೆಗೂ ಮಾಲಿಗೂ ಹೊಂದಿಕೆ ಇಲ್ಲ ಅಂತ ಬರೆಯಿರಿ. ಮಾರುವವರು ವಾಪಸ್ ಇಲ್ಲ ಅಂತ ಬರೆದಿದ್ದರೂ ನಕಲಿಗೆ ಅದು ನಡೆಯುವುದಿಲ್ಲ. ಅವರು ಇಷ್ಟು ಡಾಲರ್ ಕೊಡುತ್ತೇನೆ, ದೂರು ಮುಚ್ಚಿ ಅಂದರೆ ದುಡ್ಡು ಕೈಗೆ ಬರುವ ತನಕ ಮುಚ್ಚಬೇಡಿ. ವಾಪಸ್ ಕಳಿಸುವಾಗ ಟ್ರ್ಯಾಕಿಂಗ್ ಇರಲೇಬೇಕು. ಅಲ್ಲೂ ಆಗಲಿಲ್ಲ ಅಂದರೆ ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ. ಈ ಸಮಯದಲ್ಲಿ ಕಾರ್ಡಿನ ಮೇಲೆ ಏನೂ ಗುರುತು ಮಾಡಬೇಡಿ.

ನನ್ನ 130 ಡಾಲರ್ ಹೋಗಿದ್ದರಿಂದ ಕಾರ್ಡ್ ನನ್ನಲ್ಲೇ ಉಳಿಯಿತು. ಅದನ್ನು ಯಾರಿಗಾದರೂ ರೀಪ್ರಿಂಟ್ ಅಂತ ಹೇಳಿಯೇ ಐದು ಡಾಲರಿಗೆ ಕೊಡಬಹುದಿತ್ತು. ಆದರೆ ಎರಡನೇ ಕೈ ದಾಟಿದ ಮೇಲೆ ಮೂರನೆಯವರಿಗೆ ಅವರು ಏನು ಹೇಳುತ್ತಾರೋ ಯಾರಿಗೆ ಗೊತ್ತು. ಅದಕ್ಕೆ ಅಳಿಸಲಾಗದ ಶಾಯಿಯಲ್ಲಿ ಅದರ ಹಿಂಬದಿ ಪೂರ್ತಿ ಅಡ್ಡಲಾಗಿ, ಇಂಗ್ಲಿಷಿನಲ್ಲಿ ರೀಪ್ರಿಂಟ್ ಅಂತ ಬರೆದೆ. ನಿಮ್ಮ ಹತ್ತಿರ ಅಂಥದ್ದು ಉಳಿದರೆ ನೀವೂ ಬರೆಯಿರಿ.

ಮರುವರ್ಷ ಎಸ್‌ಜಿಸಿ ಸ್ಲ್ಯಾಬಿನಲ್ಲಿದ್ದ ಅದೇ ನಂಬರ್ 30 ಕೊಂಡೆ. ಕಡಿಮೆ ಗ್ರೇಡ್, ಒಂದು ಮೂಲೆಯಲ್ಲಿ ಮಡಿಕೆ ಇದೆ. ಮಗಳಿಗೆ ಹತ್ತು ತುಂಬಿದ ದಿನ ಅದನ್ನೂ ಲೂಪನ್ನೂ ಒಟ್ಟಿಗೆ ಕೊಟ್ಟೆ. ಪ್ಲಾಸ್ಟಿಕ್ ಮೇಲಿನಿಂದಲೇ ಸಹಿಯ ಮೇಲೆ ಲೂಪ್ ಇಟ್ಟು ನೋಡಿದಳು, ಆಮೇಲೆ ಹಳೇ ನಕಲಿಯನ್ನೂ ತರಿಸಿಕೊಂಡು ನೋಡಿದಳು. "ಅಪ್ಪಾ, ಇದರಲ್ಲಿ ಗೆರೆ ಇದೆ" ಅಂದಳು.